ಮಗನಿಗೆ ಓ.ಟಿ. (ಆಕ್ಯುಪೇಶನಲ್ ಥೆರಪಿ) ಬೇಕು ಅಂದಿದ್ದಾರೆ, ಗದಗ–ಹುಬ್ಬಳ್ಳಿ ಕಡೆಯವರು ಸ್ವಲ್ಪ ದಾರಿ ತೋರಿಸಿ

ಬೆಟಗೇರಿ ತಾಯಿ
ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಒಂದನೇ ಕ್ಲಾಸು, ಆರು ವರ್ಷ ತುಂಬಿದೆ. ಮಾತಿನಲ್ಲಿ ಬಲು ಚುರುಕು. ಆದರೆ ಕೈಕೆಲಸ ಬಂದ ಕೂಡಲೇ ಹಿಂದೆ ಸರಿಯುತ್ತಾನೆ. ಅಂಗಿ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿ ಬರೆಯುತ್ತಾನೆ, ಎರಡು ಸಾಲು ಬರೆಯುವಷ್ಟರಲ್ಲಿ ಕೈ ನೋವು ಅನ್ನುತ್ತಾನೆ. ಮೆಟ್ಟಿಲು ಇಳಿಯುವಾಗ ಇನ್ನೂ ಗೋಡೆ ಹಿಡಿಯುತ್ತಾನೆ. ಓಣಿಯ ಹುಡುಗರು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಶಾಲೆಯಲ್ಲಿ ಸೋಮಾರಿ ಅಂತ ಹೆಸರು ಬಿದ್ದಿದೆ, ಅದೇ ನನಗೆ ಜಾಸ್ತಿ ಸಂಕಟ. ಮಕ್ಕಳ ಡಾಕ್ಟರು ಕಣ್ಣು, ನರ ಎಲ್ಲ ನೋಡಿ, ಆಕ್ಯುಪೇಶನಲ್ ಥೆರಪಿಸ್ಟ್ ಹತ್ತಿರ ತೋರಿಸಿ ಅಂದರು. ಇದು ಫಿಸಿಯೋಥೆರಪಿ ತರಹದ್ದೇನಾ? ಹುಬ್ಬಳ್ಳಿಗೆ ವಾರ ವಾರ ಓಡಾಡಲೇಬೇಕಾ? ನಾನು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುವವಳು. ಬಸ್ಸಿನಲ್ಲಿ ಹೋದ ದಿನ ದುಡಿಮೆ ಇಲ್ಲ.

ಹುಬ್ಬಳ್ಳಿ ಓ.ಟಿ.
ಅಕ್ಕಾರೆ, ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಓ.ಟಿ. ಆಗಿ ಕೆಲಸ ಮಾಡುತ್ತೇನೆ. ಮಗುವನ್ನು ನೋಡದೆ ಇಂಥದೇ ಅಂತ ಹೇಳುವುದು ಸರಿಯಲ್ಲ. ಆದರೂ ನೀವು ಬರೆದಿರುವುದನ್ನು ಓದಿದರೆ ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್, ಅಂದರೆ ಡಿ.ಸಿ.ಡಿ. ಇದೆಯಾ ಅಂತ ನೋಡಿಸಬೇಕು ಅನಿಸುತ್ತದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಶೇಕಡಾ 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ. ಬುದ್ಧಿಗೆ ಏನೂ ಆಗಿರುವುದಿಲ್ಲ. ಕೈಕಾಲು ಹೊಂದಿಸಿ ಮಾಡುವ ಹೊಸ ಕೆಲಸ ಕಲಿಯಲು ಮಾತ್ರ ತುಂಬಾ ಕಷ್ಟಪಡುತ್ತಾರೆ. ಬೇರೆ ಮಕ್ಕಳು ನೋಡಿ ನೋಡಿ ಕಲಿಯುವುದನ್ನು ಇವರಿಗೆ ಬಿಡಿಸಿ ಬಿಡಿಸಿ ಕಲಿಸಬೇಕು. ಸೋಮಾರಿ ಅನ್ನುವವರಿಗೆ ಇದನ್ನು ಹೇಳಿ: ಆ ಎರಡು ಸಾಲು ಬರೆಯಲು ಅವನು ಪಡುವ ಶ್ರಮ ಪಕ್ಕದ ಹುಡುಗನಿಗೆ ಇಡೀ ಪುಟಕ್ಕೂ ಬೇಕಾಗುವುದಿಲ್ಲ.

ಫಿಸಿಯೋದವರು ಹೆಚ್ಚಾಗಿ ಸ್ನಾಯು, ಕೀಲು, ನಡಿಗೆ ನೋಡುತ್ತಾರೆ. ನಾವು ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಮಗು ಮಾಡಬೇಕಾದ್ದನ್ನು ನೋಡುತ್ತೇವೆ. ಹಲ್ಲುಜ್ಜುವುದು, ಸ್ನಾನ, ಊಟ, ಬರೆಯುವುದು, ಆಡುವುದು. ಇದರಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾಕೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಏನು ಮಾಡಬಹುದು ಅನ್ನುವುದೇ ನಮ್ಮ ಕೆಲಸ.

ವಾರ ವಾರ ಬರಲೇಬೇಕು ಅಂತ ಏನಿಲ್ಲ. ಮೊದಲು ಒಂದು ಸರಿಯಾದ ಅಸೆಸ್‌ಮೆಂಟ್ ಆಗಲಿ. ಆಮೇಲೆ ಮನೆಯಲ್ಲಿ ಮಾಡುವುದನ್ನು ನಿಮಗೇ ಕಲಿಸಿಕೊಡಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ವಾರದ ಒಂದು ತಾಸಿನಲ್ಲಿ ನಾವು ಮಾಡುವುದಕ್ಕಿಂತ ದಿನಾ ಮನೆಯಲ್ಲಿ ಕಾಲು ತಾಸು ನೀವು ಮಾಡಿಸುವುದೇ ಮಗುವಿಗೆ ಹತ್ತುತ್ತದೆ.

ಹಾನಗಲ್ ಸೊಸೆ
ನಮ್ಮ ಮನೆಯಲ್ಲಿ ಅತ್ತೆಯವರು, ಇದೆಲ್ಲ ಈಗ ಬಂದ ಫ್ಯಾಷನ್ನು, ನಮ್ಮ ಕಾಲಕ್ಕೆ ಮಕ್ಕಳು ಗೋಟಿ, ಬುಗುರಿ, ಚಿಣ್ಣಿದಾಂಡು ಆಡಿ ತಾವೇ ಸರಿ ಹೋಗುತ್ತಿದ್ದರು ಅನ್ನುತ್ತಾರೆ. ಅವರ ಮಾತಲ್ಲೂ ಅರ್ಧ ನಿಜ ಇದೆ ಅಂತ ನನಗೆ ಅನಿಸುತ್ತದೆ. ಏನಂತೀರಿ?

ಶಿಗ್ಗಾವಿ ಮಾಸ್ತರ್
ಅರ್ಧ ಏನು, ಮುಕ್ಕಾಲು ನಿಜ. ನಮ್ಮ ಶಾಲೆಯ ಮಕ್ಕಳನ್ನೇ ನೋಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ನಾದಿ ಎತ್ತು ಮಾಡುವ ಮಕ್ಕಳ ಬೆರಳಿಗೂ, ದಿನವಿಡೀ ಮೊಬೈಲ್ ತೀಡುವ ಮಕ್ಕಳ ಬೆರಳಿಗೂ ವ್ಯತ್ಯಾಸ ಕಾಣುತ್ತದೆ. ಎತ್ತಿನ ಕೊಂಬು ಎಳೆಯಬೇಕಾದರೆ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಮಣ್ಣನ್ನು ಚಿವುಟಬೇಕು. ಇಣಿ (ಎತ್ತಿನ ಬೆನ್ನ ಮೇಲಿನ ಡುಬ್ಬ) ಎಬ್ಬಿಸಬೇಕಾದರೆ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಒತ್ತಬೇಕು. ಪಂಚಮಿ ಬಂದರೆ ಜೋಕಾಲಿ. ಇವೆಲ್ಲ ಪುಕ್ಕಟೆ ಥೆರಪಿ ಅಲ್ವಾ? ದುಡ್ಡು ಕೊಟ್ಟು ಪ್ಲಾಸ್ಟಿಕ್ ಹಿಟ್ಟು ಹಿಚುಕಿಸುವುದು ಯಾಕೆ?

ಹುಬ್ಬಳ್ಳಿ ಓ.ಟಿ.
ಸರ್, ಮಣ್ಣೆತ್ತಿನ ಮಾತು ಓದಿ ಬಹಳ ಖುಷಿಯಾಯಿತು. ನಾನೂ ಅದನ್ನೇ ಮಾಡಿಸುತ್ತೇನೆ. ಆದರೆ ಎರಡು ವಿಷಯಕ್ಕೆ ನನ್ನ ತಕರಾರಿದೆ.

ಒಂದು, ಆಟ ಆಡಿದರೆ ಸರಿ ಹೋಗುತ್ತದೆ ಅನ್ನುವುದು ಆಡಲು ಬರುವ ಮಕ್ಕಳಿಗೆ. ಈ ಅಕ್ಕಾರ ಮಗನನ್ನು ಓಣಿಯ ಹುಡುಗರು ಸೇರಿಸಿಕೊಳ್ಳುವುದೇ ಇಲ್ಲ. ಅವನೂ ಗೋಟಿ ಹೊಡೆಯಲು ಹೋಗಿ ನಾಲ್ಕು ಸಲ ನಗೆಪಾಟಲಾದರೆ ಐದನೇ ಸಲ ಹೋಗುವುದಿಲ್ಲ. ಆಡದೇ ಇದ್ದದ್ದಕ್ಕೆ ಇನ್ನೂ ಹಿಂದೆ ಬೀಳುತ್ತಾನೆ. ಹಳೇ ಕಾಲದಲ್ಲೂ ಇಂಥ ಮಕ್ಕಳಿದ್ದರು. ‘ಮೊದ್ದು’ ಅಂತ ಹೆಸರಿಟ್ಟು ಬದಿಗೆ ಕೂರಿಸುತ್ತಿದ್ದರು, ಅಷ್ಟೇ. ಅದೇ ಆಟವನ್ನು ಅವನ ಕೈಗೆ ಎಟುಕುವಷ್ಟು ಸುಲಭ ಮಾಡಿ, ಬಂದ ಮೇಲೆ ಒಂದೊಂದೇ ಹಂತ ಕಷ್ಟ ಮಾಡುತ್ತಾ ಹೋಗುವುದಿದೆಯಲ್ಲ, ಕಸುಬು ಇರುವುದು ಅಲ್ಲಿ.

ಎರಡನೆಯದು ಇನ್ನೂ ಮುಖ್ಯ. ಮಣ್ಣು ನಾದಿದರೆ ಮಣ್ಣು ನಾದುವುದು ಚೆನ್ನಾಗಿ ಬರುತ್ತದೆ. ಅದರಿಂದ ಅಕ್ಷರ ತಾನಾಗಿ ದುಂಡಗಾಗುವುದಿಲ್ಲ. ಬರವಣಿಗೆ ಸುಧಾರಿಸಬೇಕಾದರೆ ಬರೆಸಲೇಬೇಕು. ಗುಂಡಿ ಹಾಕಲು ಕಲಿಯಬೇಕಾದರೆ ಗುಂಡಿಯ ಮೇಲೇ ಕೈ ಆಡಬೇಕು. ಬರೀ ‘ಕೈಗೆ ಶಕ್ತಿ ಬರಲಿ’ ಅಂತ ತಿಂಗಳುಗಟ್ಟಲೆ ರಬ್ಬರ್ ಚೆಂಡು ಹಿಚುಕಿಸುವುದರಿಂದ ಹೆಚ್ಚು ಪ್ರಯೋಜನ ಕಾಣುವುದಿಲ್ಲ. ಇದನ್ನು ನಮ್ಮ ಕಸುಬಿನವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಫ್ಯಾಷನ್ ಅನ್ನುವುದಕ್ಕೆ ಒಂದು ಮಾತು. 1950ರಲ್ಲೇ ಕಮಲಾ ನಿಂಬಕರ್ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ಶುರು ಮಾಡಿದರು. 1952ರಲ್ಲಿ ಅಖಿಲ ಭಾರತ ಸಂಘವೂ ಆಯಿತು. ಅತ್ತೆಯವರಿಗೆ ಹೇಳಿ, ಈ ಕೆಲಸ ಅವರ ಕಾಲದ್ದೇ. ನಮ್ಮ ಕಡೆಗೆ ಬರುವುದು ತಡವಾಯಿತು.

ಬೆಟಗೇರಿ ತಾಯಿ
ಗುಂಡಿಯ ಮೇಲೇ ಕೈ ಆಡಬೇಕು ಅಂದಿರಿ. ಅವನು ಹಾಕಲಿ ಅಂತ ಬಿಟ್ಟರೆ ಅಳುತ್ತಾನೆ, ಶಾಲೆಗೆ ಹೊತ್ತಾಗುತ್ತದೆ. ಕೊನೆಗೆ ನಾನೇ ಹಾಕುತ್ತೇನೆ. ಹೇಗೆ ಕಲಿಸಲಿ?

ಹುಬ್ಬಳ್ಳಿ ಓ.ಟಿ.
ಕೊನೆಯ ಹಂತದಿಂದ ಶುರು ಮಾಡಿ ಹಿಂದಕ್ಕೆ ಕಲಿಸುತ್ತಾ ಬನ್ನಿ. ಗುಂಡಿಯನ್ನು ನೀವೇ ಕಾಜಾದೊಳಗೆ ಮುಕ್ಕಾಲು ಭಾಗ ತೂರಿಸಿ. ಆಚೆ ಬಂದ ಅಂಚನ್ನು ಹಿಡಿದು ಎಳೆಯುವುದಷ್ಟೇ ಅವನ ಕೆಲಸ. ಎಳೆದ ಕೂಡಲೇ ಗುಂಡಿ ಹಾಕಿದಂತಾಯಿತು, ಮುಗಿಸಿದವನು ಅವನೇ! ಅದು ಸಲೀಸಾದ ಮೇಲೆ ನೀವು ಅರ್ಧ ಮಾತ್ರ ತೂರಿಸಿ. ಆಮೇಲೆ ಅಂಚು ಮಾತ್ರ. ಕೊನೆಗೆ ಪೂರ್ತಿ ಅವನದು. ಮೊದಲಿನಿಂದ ಶುರು ಮಾಡಿಸಿದರೆ ಮಗು ಅರ್ಧದಲ್ಲೇ ಸೋಲುತ್ತದೆ, ಪ್ರತಿ ಸಲ ಸೋಲುವುದನ್ನೇ ಕಲಿಯುತ್ತದೆ.

ಕೆಳಗಿನ ಗುಂಡಿಯಿಂದ ಶುರುವಾಗಲಿ, ಅದು ಕಣ್ಣಿಗೆ ಕಾಣುತ್ತದೆ. ಕತ್ತಿನ ಗುಂಡಿ ಎಲ್ಲಕ್ಕಿಂತ ಕಷ್ಟ, ಅದನ್ನು ಕಟ್ಟಕಡೆಗೆ ಇಡಿ. ಟೈಲರ್ ಹತ್ತಿರ ಹೇಳಿ ಯೂನಿಫಾರ್ಮಿನ ಕಾಜಾ ಒಂದು ಚೂರು ದೊಡ್ಡದು ಮಾಡಿಸಿ. ಇನ್ನು ಸಮಯ. ಶಾಲೆಯ ಗಡಿಬಿಡಿಯಲ್ಲಿ ಬೇಡವೇ ಬೇಡ, ಸಂಜೆ ಅಂಗಿ ಬದಲಿಸುವಾಗ ಮಾಡಿಸಿ.

ಒಂದು ಪದ್ಧತಿ ಕೆನಡಾದ ಓ.ಟಿ.ಗಳು ರೂಪಿಸಿದ್ದು, ಇಂಥ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಏನು ಮಾಡಬೇಕು ಅಂತ ಮಗುವೇ ಆರಿಸಲಿ. ಹೇಗೆ ಮಾಡುತ್ತೀ ಅಂತ ಕೇಳಿ, ಅವನೇ ಹೇಳಲಿ. ಮಾಡಲಿ. ಆಮೇಲೆ ‘ಆಯಿತಾ? ಎಲ್ಲಿ ತಪ್ಪಿತು?’ ಅಂತ ಅವನೇ ನೋಡಲಿ. ನಿಮ್ಮ ಮಗ ಮಾತಿನಲ್ಲಿ ಚುರುಕು ಅಂದಿರಲ್ಲ, ಅದೇ ಅವನ ಬಂಡವಾಳ. ಬಾಯಿಂದ ಹೇಳಿಕೊಳ್ಳುತ್ತಾ ಕೈಗೆ ಕಲಿಸಿಕೊಳ್ಳುತ್ತಾನೆ.

ವಿದ್ಯಾನಗರದ ಅಪ್ಪ
ಒಂದು ಎಚ್ಚರಿಕೆ ಹೇಳಬೇಕು ಅನಿಸಿತು. ನನ್ನ ಮಗನಿಗೆ ನಾಲ್ಕು ವರ್ಷ, ಆಟಿಸಂ ಇದೆ. ಮೊದಲು ಒಂದು ಸೆಂಟರಿಗೆ ಸೇರಿಸಿದ್ದೆವು, ಹೆಸರು ಬೇಡ. ಮುಂಗಡ ದುಡ್ಡು ತೆಗೆದುಕೊಂಡರು. ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು. ಒಳಗೆ ಅಳು ಕೇಳುತ್ತಿತ್ತು. ಏನು ಮಾಡಿಸಿದಿರಿ ಅಂದರೆ ‘ಸೆನ್ಸರಿ’ ಅನ್ನುತ್ತಿದ್ದರು, ಅಷ್ಟೇ ಉತ್ತರ. ಬ್ರಷ್‌ನಿಂದ ಮೈ ಉಜ್ಜುವುದು, ಭಾರದ ಜಾಕೆಟ್ ಹಾಕಿಸುವುದು, ಇದೆಲ್ಲ ಮಾಡಿದರು. ನಮಗೆ ಬೇಕಿದ್ದದ್ದು ಅವನು ಕೂತು ಊಟ ಮಾಡುವುದು, ತಲೆಗೆ ನೀರು ಹಾಕಿಸಿಕೊಳ್ಳುವುದು. ಅದನ್ನು ಕೇಳಿದವರೇ ಇಲ್ಲ. ಥೆರಪಿಗೆ ಹೋಗುತ್ತಿದ್ದೇವೆ ಅನ್ನುವ ಸಮಾಧಾನಕ್ಕೆ ಹೋಗಬೇಡಿ. ಗುರಿ ಏನು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ಹುಬ್ಬಳ್ಳಿ ಓ.ಟಿ.
ಅಣ್ಣಾರೆ, ಇದನ್ನು ಓದಿ ಬೇಸರವಾಯಿತು. ಬಾಗಿಲು ಹಾಕಿ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ. ತಂದೆ ತಾಯಿ ನೋಡುತ್ತಾ ಕೂರಬಹುದು, ಕೂರಬೇಕು.

ಸೆನ್ಸರಿ ಇಂಟಿಗ್ರೇಶನ್ ಅನ್ನುವುದನ್ನು ಅಮೆರಿಕದ ಓ.ಟಿ. ಜೀನ್ ಏಯರ್ಸ್ ಕಟ್ಟಿದರು. ಕಿವಿಗೆ, ಚರ್ಮಕ್ಕೆ, ಸಮತೋಲಕ್ಕೆ ಬರುವ ಸುದ್ದಿಯನ್ನು ಮೆದುಳು ಹೊಂದಿಸಿಕೊಳ್ಳುವುದರಲ್ಲಿ ತೊಂದರೆಯಾದರೆ ಮಗು ಹೀಗೆಲ್ಲ ಮಾಡುತ್ತದೆ ಅನ್ನುವ ಅವರ ನೋಟದಿಂದ ನಮಗೆ ಬಹಳ ಅರ್ಥವಾಯಿತು. ಮಿಕ್ಸರ್ ಸದ್ದಿಗೆ ಕಿವಿ ಮುಚ್ಚುವ ಮಗು ಹಟ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿ ತಡೆಯಲಾಗುತ್ತಿಲ್ಲ. ಆದರೆ ಚಿಕಿತ್ಸೆಯಾಗಿ ಇದರಿಂದ ಎಷ್ಟು ಲಾಭ ಅನ್ನುವುದಕ್ಕೆ ಆಧಾರ ಕಡಿಮೆ, ಇದನ್ನು ಪೋಷಕರಿಗೆ ಹೇಳಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ. ಭಾರದ ಜಾಕೆಟ್ಟಿಗೆ, ಬ್ರಷ್ಷಿಗೆ ಆಧಾರ ಇನ್ನೂ ಕಡಿಮೆ. ಆದ್ದರಿಂದ ಉಯ್ಯಾಲೆ ಇದೆಯಾ, ಬಣ್ಣದ ಚೆಂಡಿನ ಕೊಳ ಇದೆಯಾ ಅಂತ ನೋಡಿ ಸೆಂಟರ್ ಆರಿಸಬೇಡಿ. ನಿಮ್ಮ ಮನೆಯ ಬಚ್ಚಲು, ಊಟದ ತಟ್ಟೆ, ಮಲಗುವ ಹೊತ್ತು ಇವನ್ನೆಲ್ಲ ಕೇಳುವವರನ್ನು ಆರಿಸಿ.

ತಲೆಗೆ ನೀರಿನ ವಿಷಯ: ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಬಾಗಿಸುವುದು ಎಷ್ಟೋ ಮಕ್ಕಳಿಗೆ ಭಯ. ಹಿಂದಕ್ಕೆ ಬಾಗಿಸದೆ ಮುಂದಕ್ಕೆ ಬಗ್ಗಿ ಕೂತು, ಬಟ್ಟೆಯಲ್ಲಿ ಕಣ್ಣು ಒತ್ತಿ ಹಿಡಿದುಕೊಳ್ಳಲಿ. ಚೊಂಬು ಅವನ ಕೈಗೇ ಕೊಡಿ, ಮೊದಲು ಹೆಗಲಿಗೆ ಹುಯ್ದುಕೊಳ್ಳಲಿ. ಎಷ್ಟು ಚೊಂಬು ಅಂತ ಮೊದಲೇ ಹೇಳಿ, ಅಷ್ಟಕ್ಕೇ ನಿಲ್ಲಿಸಿ. ಇನ್ನೊಂದೇ ಅಂತ ಸೇರಿಸಿದರೆ ನಂಬಿಕೆ ಹೋಗುತ್ತದೆ.

ಓದಿದವರಾ ಅಂತಲೂ ಕೇಳಿ. ಇದು ನಾಲ್ಕು ವರ್ಷಕ್ಕೂ ಹೆಚ್ಚು ಓದುವ ಡಿಗ್ರಿ. ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕುವವರೂ ಇದ್ದಾರೆ. 2021ರ ಕಾಯ್ದೆಯೊಂದು ನಮ್ಮ ಕಸುಬನ್ನೂ ಆರೋಗ್ಯ ವೃತ್ತಿಗಳ ನೋಂದಣಿಗೆ ಸೇರಿಸಿದೆ. ಸರ್ಟಿಫಿಕೇಟ್ ತೋರಿಸಿ ಅಂದರೆ ಯಾರೂ ಸಿಟ್ಟಾಗಬಾರದು.

ಸಪ್ತಾಪುರದ ತಾಯಿ
ನನ್ನ ಮಗಳಿಗೆ ಹನ್ನೊಂದು ವರ್ಷ. ಸಿ.ಪಿ. (ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು), ಬಲಗಡೆ ಬಿಗಿ. ಮೇಲಿನ ಮಾತಿಗೆಲ್ಲ ನನ್ನದೊಂದು ಸಾಕ್ಷಿ. ಚಿಕ್ಕವಳಿದ್ದಾಗ ಅವಳ ಎಡಗೈಗೆ ದಿನಾ ಸ್ವಲ್ಪ ಹೊತ್ತು ಕೈಗವಸು ತೊಡಿಸಿ, ಬಲಗೈಯಲ್ಲೇ ಆಡುವಂತೆ ಮಾಡಿಸಿದರು. ಥೆರಪಿಸ್ಟ್ ಹೇಳಿದಷ್ಟೇ ಹೊತ್ತು, ಹೇಳಿದ ಆಟಕ್ಕೆ ಮಾತ್ರ. ಆಮೇಲೆ ಎರಡೂ ಕೈ ಕೂಡಿಸುವ ಕೆಲಸ ಶುರುವಾಯಿತು. ಶೇಂಗಾ ಸುಲಿಯುವುದು, ಬಲಗೈಯಲ್ಲಿ ಡಬ್ಬಿ ಹಿಡಿದು ಎಡಗೈಯಲ್ಲಿ ಮುಚ್ಚಳ ತಿರುಗಿಸುವುದು, ರೊಟ್ಟಿ ಮುರಿಯುವುದು. ಮೆತ್ತನೆ ರೊಟ್ಟಿ ಹರಿಯಲು ಎರಡು ಕೈ ಬೇಕೇ ಬೇಕು. ಕಡಕ್ ರೊಟ್ಟಿಯಾದರೆ ತಟ್ಟೆಗೆ ಒತ್ತಿ ಒಂದೇ ಕೈಯಲ್ಲಿ ಮುರಿಯಬಹುದು. ಮನೆಯಲ್ಲಿ ಮೆತ್ತನೆ ರೊಟ್ಟಿ, ಬಲಗೈಯಲ್ಲಿ ಅದುಮಿ ಹಿಡಿದು ಎಡಗೈಯಲ್ಲಿ ಹರಿಯುತ್ತಾಳೆ. ಶಾಲೆಗೆ ಕಡಕ್ ರೊಟ್ಟಿ. ಅಲ್ಲಿ ಊಟದ ಬಿಡುವು ಸಣ್ಣದು, ಗೆಳತಿಯರ ಜೊತೆ ಮುಗಿಸಬೇಕು ಅಲ್ವಾ. ಎಲ್ಲ ಹೊತ್ತೂ ಥೆರಪಿ ಮಾಡಿಸಿದರೆ ಮಗು ಮಗುವಾಗಿ ಇರುವುದು ಯಾವಾಗ?

ಚಮಚದ ಹಿಡಿಕೆಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದ್ದೇವೆ, ಜಾರುವುದಿಲ್ಲ. ಅಂಗಡಿಯಲ್ಲಿ ಇದಕ್ಕೇ ಅಂತ ಸಿಗುವ ಚಮಚ ದುಬಾರಿ.

ಇನ್ನೊಂದು ಮಾತು. ಅವಳು ಎಡಗೈಯಲ್ಲಿ ಉಣ್ಣುತ್ತಾಳೆ. ಮದುವೆ ಪಂಕ್ತಿಯಲ್ಲಿ ಕೂತರೆ ಯಾರಾದರೊಬ್ಬರು ‘ಎಡಗೈಲಿ ಉಣ್ಣಬಾರದವ್ವಾ’ ಅನ್ನದೇ ಇರುವುದಿಲ್ಲ. ಮೊದಮೊದಲು ಅವಳು ಊಟ ಬಿಟ್ಟು ಏಳುತ್ತಿದ್ದಳು. ಈಗ ‘ಅಜ್ಜಿ, ನನ್ನ ಬಲಗೈ ಹಿಡಿಯೋದಕ್ಕೆ, ಎಡಗೈ ಉಣ್ಣೋದಕ್ಕೆ’ ಅಂತ ತಾನೇ ಹೇಳುತ್ತಾಳೆ. ಆ ಮಾತು ಹೇಳಲು ಅವಳಿಗೆ ಕಲಿಸಿದ್ದೂ ಥೆರಪಿಸ್ಟೇ. ಆಟದಂತೆ ನಾನು ಅಜ್ಜಿ, ನೀನು ನೀನೇ ಅಂತ ಆಡಿಸಿ ಆಡಿಸಿ ಕಲಿಸಿದರು.

ಶಿಗ್ಗಾವಿ ಮಾಸ್ತರ್
ತಾಯಿ, ನಿಮ್ಮ ಮಗಳಿಗೆ ನನ್ನ ಆಶೀರ್ವಾದ ಹೇಳಿ.

ಓ.ಟಿ. ಮೇಡಂ, ಬರೆಸಲೇಬೇಕು ಅಂದದ್ದನ್ನು ಒಪ್ಪಿದೆ. ಹಾಗಾದರೆ ಶಾಲೆಯಲ್ಲಿ ನಮ್ಮ ಕೈಲಾಗುವಂಥದ್ದು ಹೇಳಿ. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು ಇರುತ್ತಾರೆ ಅನ್ನುವುದನ್ನು ನೆನಪಿಟ್ಟು ಹೇಳಿ.

ಹುಬ್ಬಳ್ಳಿ ಓ.ಟಿ.
ಸರ್, ನಿಮ್ಮ ಕೋಣೆಯಲ್ಲೇ ಒಳ್ಳೆಯ ಸಾಧನ ಇದೆ. ನಲಿ-ಕಲಿ ಕೋಣೆಗಳಲ್ಲಿ ಗೋಡೆಗೆ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಬಳಿದಿರುತ್ತಾರಲ್ಲ, ಅದು. ನಿಂತು ಗೋಡೆಯ ಮೇಲೆ ಬರೆಯುವಾಗ ಮಣಿಕಟ್ಟು ಹಿಂದಕ್ಕೆ ಮಡಿಯುತ್ತದೆ, ಬೆರಳು ತಾನಾಗಿ ಸರಿಯಾದ ಹಿಡಿತಕ್ಕೆ ಬರುತ್ತದೆ. ಉದ್ದ ಚಾಕ್‌ಪೀಸ್ ಕೊಡಬೇಡಿ, ಸಣ್ಣ ತುಂಡು ಕೊಡಿ. ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು.

ಬೆಂಚಿನ ಮೇಲೆ ಕೂರುವವರಾದರೆ ಪಾದ ನೋಡಿ. ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಮೈ ನಿಲ್ಲಿಸಲೇ ಮಗುವಿನ ಶಕ್ತಿ ಖರ್ಚಾಗುತ್ತದೆ, ಕೈಗೆ ಉಳಿಯುವುದಿಲ್ಲ. ಪಾದದ ಕೆಳಗೆ ಒಂದು ಮಣೆ ಇಟ್ಟರೂ ಸಾಕು. ಬೋರ್ಡಿನಿಂದ ನಕಲು ಮಾಡುವುದನ್ನು ಇಂಥ ಮಗುವಿಗೆ ಕಡಿಮೆ ಮಾಡಿ. ಹತ್ತು ಸಲ ಬರೆ ಅನ್ನುವ ಕಡೆ ಮೂರು ಸಲ ಚೆನ್ನಾಗಿ ಬರೆ, ಅದರಲ್ಲಿ ನಿನಗೆ ಇಷ್ಟವಾದದ್ದಕ್ಕೆ ಸುತ್ತು ಹಾಕು ಅನ್ನಿ. ಉತ್ತರ ಗೊತ್ತಿದೆಯಾ ಅಂತ ನೋಡಬೇಕಾದರೆ ಬಾಯಿಂದ ಕೇಳಿ, ಬರವಣಿಗೆಯಲ್ಲಿ ಅಳೆಯಬೇಡಿ.

ಕನ್ನಡ ಅಕ್ಷರ ಬಹುಪಾಲು ದುಂಡು. ಕೋನದ ಗೆರೆಗಿಂತ ಸುತ್ತು ಗೆರೆಗೆ ಕೈ ನಿಲ್ಲಿಸದೆ ತಿರುಗಿಸಬೇಕು. ಹಾಗಾಗಿ ವರ್ಣಮಾಲೆಯ ಕ್ರಮಕ್ಕೆ ಕಟ್ಟುಬೀಳದೆ ರ, ಗ, ದ ಇಂಥ ಸರಳ ಆಕಾರದಿಂದ ಶುರು ಮಾಡಿ ಅನ್ನುವುದು ನನ್ನ ಅನುಭವ. ನಲಿ-ಕಲಿಯಲ್ಲೂ ಅಕ್ಷರ ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ನಿಮಗೆ ಇದು ಹೊಸದಲ್ಲ.

ಗದಗ ಕಾಗದಪತ್ರ
ದುಡ್ಡು, ಕಾಗದದ ವಿಷಯ ಯಾರೂ ಎತ್ತಲಿಲ್ಲ. ನಾನು ಅಂಗವಿಕಲರ ಕೆಲಸದಲ್ಲಿ ಓಡಾಡುವವನು, ಗೊತ್ತಿರುವಷ್ಟು ಹೇಳುತ್ತೇನೆ.

2013ರಿಂದ ಆರ್.ಬಿ.ಎಸ್.ಕೆ. (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿದಾಗಿನಿಂದ ಹದಿನೆಂಟರ ತನಕ. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಜಿಲ್ಲಾ ಮಟ್ಟದ ಡಿ.ಇ.ಐ.ಸಿ. (ತೊಂದರೆ ಬೇಗ ಗುರುತಿಸಿ ಚಿಕಿತ್ಸೆ ಕೊಡುವ) ಕೇಂದ್ರಕ್ಕೆ ಕಳಿಸುವುದು ಅದರ ಕ್ರಮ. ಚೀಟಿ ಬರೆಸಿಕೊಂಡು ಹೋಗಿ, ದುಡ್ಡು ಕೊಡುವ ಹಾಗಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ಆಟಿಸಂ, ಸಿ.ಪಿ., ಬುದ್ಧಿಮಾಂದ್ಯ, ಕಲಿಕಾ ನ್ಯೂನತೆ ಎಲ್ಲ ಬರುತ್ತದೆ. ಡಿ.ಸಿ.ಡಿ. ಹೆಸರು ಆ ಪಟ್ಟಿಯಲ್ಲಿ ಇಲ್ಲ, ಬೆಟಗೇರಿ ತಂಗಿ ಇದನ್ನು ಗಮನಿಸಬೇಕು. ಶೇಕಡಾ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಆದರೆ ಆರರಿಂದ ಹದಿನೆಂಟು ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ. ಯು.ಡಿ.ಐ.ಡಿ. ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಳ್ಳಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ, ಅರ್ಜಿ ತುಂಬಿಸುವುದು ಅವರ ಕೆಲಸವೇ.

ಆಟಿಸಂ, ಸಿ.ಪಿ., ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿ ತನಕ. ಅದರಲ್ಲಿ ಥೆರಪಿ ಖರ್ಚಿಗೂ ಒಂದು ಮಿತಿಯ ತನಕ ದುಡ್ಡು ವಾಪಸ್ ಬರುತ್ತದೆ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ, ಆಮೇಲೆ ವಾಪಸ್ ಕೇಳಲು ಅದೇ ಬೇಕು. ಇನ್ನು ಬ್ಲಾಕ್ ಮಟ್ಟದಲ್ಲಿ ಬಿ.ಆರ್.ಸಿ.ಗೆ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಹೋಗಿ ಬಿ.ಐ.ಇ.ಆರ್.ಟಿ. ಅನ್ನುವ ಸಂಪನ್ಮೂಲ ಟೀಚರ್ ಯಾರು ಅಂತ ಕೇಳಿ. ವಿಶೇಷ ಮಕ್ಕಳ ಹೊಣೆ ಅವರದು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ.

ಬಸ್ಸಿನ ಚಿಂತೆ ಬೇಡ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ.

ಬೆಟಗೇರಿ ತಾಯಿ
ಅಣ್ಣಾರೆ, ಟಿಕೆಟ್ ಇಲ್ಲ ನಿಜ. ಹೋದ ದಿನದ ಕುಚ್ಚಿನ ಕೂಲಿ ಯಾರು ಕೊಡುತ್ತಾರೆ?

ಗದಗ ಕಾಗದಪತ್ರ
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ತಂಗಿ. ಯಾವ ಯೋಜನೆಯಲ್ಲೂ ತಾಯಿಯ ಆ ದಿನಕ್ಕೆ ಲೆಕ್ಕ ಇಟ್ಟಿಲ್ಲ. ಇಡಬೇಕು.

ಹುಬ್ಬಳ್ಳಿ ಓ.ಟಿ.
ಅದಕ್ಕೇ ವಾರ ವಾರ ಬರಲೇಬೇಕಿಲ್ಲ ಅಂದದ್ದು. ತಿಂಗಳಿಗೊಂದು ಸಲ ಬಂದು ಮನೆಯಲ್ಲಿ ಮಾಡಿಸುವುದನ್ನು ಹೇಳಿಸಿಕೊಂಡು ಹೋಗಲು ಆಗುವಂತೆ ಕೇಳಿ. ನಡುವೆ ಮಗು ಗುಂಡಿ ಹಾಕುವುದನ್ನು, ಬರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ ಕಳಿಸಿ. ಮುಖಕ್ಕಿಂತ ಕೈ ಚೆನ್ನಾಗಿ ಕಾಣಲಿ. ಕೊಠಡಿಯಲ್ಲಿ ನಮಗೆ ಕಾಣದ್ದು ಅದರಲ್ಲಿ ಕಾಣುತ್ತದೆ.

ಇನ್ನು ಕುಚ್ಚು. ನೀವು ಕೆಲಸ ಮಾಡುವಾಗ ಅವನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ದಾರದ ಬಣ್ಣ ಬೇರೆ ಮಾಡುವುದು, ನೀವು ಕಟ್ಟುವಾಗ ತುದಿ ಬಿಗಿಯಾಗಿ ಹಿಡಿಯುವುದು ಅವನ ಪಾಲಿಗಿರಲಿ. ಕತ್ತರಿಯಲ್ಲಿ ದಾರದ ತುದಿ ಕತ್ತರಿಸುವುದನ್ನೂ ನಿಧಾನಕ್ಕೆ ಕಲಿಸಿ. ಅಮ್ಮನಿಗೆ ನಿಜವಾಗಿ ಬೇಕಾದ ಕೆಲಸ ಮಾಡುತ್ತಿದ್ದೇನೆ ಅಂತ ಗೊತ್ತಾದರೆ ಮಕ್ಕಳು ಎಷ್ಟು ಹೊತ್ತು ಬೇಕಾದರೂ ಕೂರುತ್ತಾರೆ.

ಹಾನಗಲ್ ಸೊಸೆ
ನನ್ನದೂ ಒಂದು ಕೇಳಿಬಿಡುತ್ತೇನೆ. ಮಗಳಿಗೆ ಎರಡೂವರೆ ವರ್ಷ, ಸಿ.ಪಿ. ಅಂದಿದ್ದಾರೆ. ಊಟಕ್ಕೆ ಕೂರಿಸಿದರೆ ಒಂದು ಕಡೆ ವಾಲುತ್ತಾಳೆ. ಮಲಗಿಸಿಯೇ ತಿನ್ನಿಸುತ್ತಿದ್ದೇವೆ. ಪಂಚಮಿಗೆ ಜೋಕಾಲಿ ಕಟ್ಟುತ್ತಾರೆ, ಅವಳನ್ನು ಕೂರಿಸಬಹುದಾ?

ಹುಬ್ಬಳ್ಳಿ ಓ.ಟಿ.
ತಂಗಿ, ಮಲಗಿಸಿ ತಿನ್ನಿಸುವುದನ್ನು ಇವತ್ತೇ ನಿಲ್ಲಿಸಿ. ಊಟ ಶ್ವಾಸನಾಳಕ್ಕೆ ಇಳಿಯುವ ಅಪಾಯ ಇದೆ. ಪದೇ ಪದೇ ಕೆಮ್ಮು, ಜ್ವರ, ಎದೆ ಗೊರಗೊರ ಆಗುತ್ತಿದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ. ಸದ್ಯಕ್ಕೆ ನಿಮ್ಮ ತೊಡೆಯ ಮೇಲೆ, ಬೆನ್ನು ನಿಮ್ಮ ಎದೆಗೆ ಆನಿಸಿ ನೇರ ಕೂರಿಸಿ. ಗದ್ದ ಸ್ವಲ್ಪ ಕೆಳಗೆ ಬಾಗಿರಲಿ, ತುತ್ತು ಮೇಲಿನಿಂದ ಹಾಕದೆ ಬಾಯಿಯ ಎದುರಿನಿಂದ ಕೊಡಿ. ಸಣ್ಣ ತುತ್ತು. ನುಂಗಿದ ಮೇಲೆಯೇ ಮುಂದಿನದು.

ಜೋಕಾಲಿಗೆ ಒಬ್ಬಳನ್ನೇ ಬೇಡ. ನಿಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ತೂಗಿ, ಮುಖ ಬಿಳುಚಿದರೆ ಅಥವಾ ಮೈ ಸೆಟೆದರೆ ನಿಲ್ಲಿಸಿ. ಫಿಟ್ಸ್ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಸಪ್ತಾಪುರದ ತಾಯಿ
ಕುರ್ಚಿಗೆ ನನ್ನನ್ನು ಕೇಳಿ. ನಮ್ಮ ಮಗಳಿಗೆ ಬಡಿಗೇರರ ಹತ್ತಿರ ಮೂಲೆ ಕುರ್ಚಿ ಮಾಡಿಸಿದ್ದೆವು. ಬೆನ್ನಿನ ಹಲಗೆ ಎರಡು, ಗೋಡೆಯ ಮೂಲೆಯಂತೆ ಕೂಡಿಸಿದ್ದು, ಹಾಗಾಗಿ ಹೆಗಲು ಮುಂದಕ್ಕೆ ಬರುತ್ತದೆ, ಮಗು ಪಕ್ಕಕ್ಕೆ ವಾಲುವುದಿಲ್ಲ. ಮುಂದೆ ತಟ್ಟೆ ಇಡಲು ಒಂದು ಹಲಗೆ.

ಹುಬ್ಬಳ್ಳಿ ಓ.ಟಿ.
ಸರಿಯಾಗಿ ಹೇಳಿದಿರಿ ಅಕ್ಕಾರೆ. ಆದರೆ ಹಾನಗಲ್ ತಂಗಿ, ಅಳತೆ ಇನ್ನೊಬ್ಬರ ಮಗುವಿನದು ಬೇಡ. ಮೊದಲು ಓ.ಟಿ. ಅಥವಾ ಫಿಸಿಯೋ ಒಬ್ಬರು ಅವಳನ್ನು ಕೂರಿಸಿ ನೋಡಲಿ, ಕೆಲವು ಮಕ್ಕಳಿಗೆ ಬೇರೆ ತರಹದ ಕುರ್ಚಿ ಬೇಕಾಗುತ್ತದೆ. ಅಳತೆಗೆ ಮೂರು ಬೇಕು: ಪೃಷ್ಠದ ಹಿಂದಿನಿಂದ ಮೊಣಕಾಲಿನ ಹಿಂದಿನ ತನಕ, ಮೊಣಕಾಲಿನ ಹಿಂದಿನಿಂದ ಹಿಮ್ಮಡಿ ತನಕ, ಸೊಂಟದ ಅಗಲ. ಸೀಟಿನ ಉದ್ದ ಮೊದಲನೆಯ ಅಳತೆಗಿಂತ ಎರಡು ಬೆರಳು ಕಡಿಮೆ ಇರಲಿ, ಇಲ್ಲದಿದ್ದರೆ ಮೊಣಕಾಲಿನ ಹಿಂದೆ ಒತ್ತುತ್ತದೆ, ಮಗು ಮುಂದಕ್ಕೆ ಜಾರುತ್ತದೆ. ಕಾಲಿಗೆ ಎ.ಎಫ್.ಓ. (ಪಾದ, ಕಣಕಾಲು ನೇರ ಹಿಡಿಯುವ ಪಟ್ಟಿ) ಕೊಟ್ಟಿದ್ದರೆ ಅದನ್ನು ಹಾಕಿಸಿಯೇ ಅಳತೆ ತೆಗೆಯಿರಿ. ಪಾದ ಇಡುವ ಹಲಗೆಯನ್ನು ಮೊಳೆ ಹೊಡೆದು ಕೂರಿಸಬೇಡಿ, ಬೋಲ್ಟ್ ಹಾಕಿಸಿ. ಮಗಳು ಬೆಳೆದಂತೆ ಕೆಳಗೆ ಇಳಿಸಬಹುದು.